ಸ್ನೋಮೊಬೈಲ್ ಕ್ಲಚ್: ಕಂಪನಿಯ ಬಿಡಿಭಾಗ ಸಾಕೇ, ಹೊರಗಿನ ಕಿಟ್ ಬೇಕೇ?

ಹಿಮದ ಮೇಲೆ ಓಡುವ ಗಾಡಿಯಾದ ಸ್ನೋಮೊಬೈಲನ್ನು ಹೊಸದಾಗಿ ಕೊಂಡವರು ಮೊದಲ ಚಳಿಗಾಲ ಕಳೆಯುವುದರೊಳಗೆ ತಪ್ಪದೆ ಕೇಳುವ ಪ್ರಶ್ನೆ, "ಕ್ಲಚ್ ಕಿಟ್ ಹಾಕಿಸಿದರೆ ಒಳ್ಳೆಯದೇ?" ಎಂಬುದು. ಕಿಟ್ ಎಂದರೆ ಕಂಪನಿಯ ಭಾಗಗಳ ಬದಲಿಗೆ ಹಾಕಲು ಹೊರಗಿನ ತಯಾರಕರು ಮಾರುವ ಕ್ಲಚ್ ಬಿಡಿಭಾಗಗಳ ಕಟ್ಟು. ನಾನಿರುವ ಮಿಷಿಗನ್ ರಾಜ್ಯದ ಕೀವಿನಾ ಪರ್ಯಾಯ ದ್ವೀಪದಲ್ಲಿ ಸುಪೀರಿಯರ್ ಸರೋವರದ ತೇವವೆಲ್ಲ ಹಿಮವಾಗಿ ಬೀಳುತ್ತದೆ. 1978–79ರ ಚಳಿಗಾಲದಲ್ಲಿ 390.4 ಇಂಚು ಬಿದ್ದದ್ದು ಇಂದಿಗೂ ಇಲ್ಲಿನ ದಾಖಲೆ. ಇಂಥ ಊರಿನಲ್ಲಿ ಈ ಪ್ರಶ್ನೆಗೆ ಉತ್ತರ ಹೇಳುವವರಿಗೇನೂ ಬರವಿಲ್ಲ. ಆದರೆ ಬಹುಪಾಲು ಉತ್ತರಗಳು ಯಾವ ಕಿಟ್ ಕೊಳ್ಳಬೇಕು ಎಂಬಲ್ಲಿಂದಲೇ ಆರಂಭವಾಗುತ್ತವೆ. ಈಗಿರುವ ಕ್ಲಚ್ ಕಂಪನಿ ಹೇಳಿದ ಅಳತೆಯಲ್ಲಿದೆಯೇ ಎಂದು ನೋಡುವುದು ಅದಕ್ಕಿಂತ ಮೊದಲಿನ ಕೆಲಸ ಎಂಬುದು ನನ್ನ ಅಭಿಪ್ರಾಯ.

ಭಾರತದ ಊರುಗಳಲ್ಲಿ ಗೇರಿಲ್ಲದ ಸ್ಕೂಟರ್ ಬಿಚ್ಚಿ ನೋಡಿದವರಿಗೆ ಈ ಕ್ಲಚ್ಚಿನ ಮೂಲತತ್ತ್ವ ಹೊಸದಲ್ಲ. ಎಂಜಿನ್ನಿನ ಕ್ರ್ಯಾಂಕಿನ ಮೇಲೆ ಒಂದು ಪುಲ್ಲಿ, ಗಾಡಿಯನ್ನು ಹಿಮದ ಮೇಲೆ ಮುಂದಕ್ಕೆ ತಳ್ಳುವ ಅಗಲವಾದ ಪಟ್ಟಿಯನ್ನು, ಅಂದರೆ ಟ್ರ್ಯಾಕನ್ನು, ತಿರುಗಿಸುವ ಕಡೆಗೆ ಇನ್ನೊಂದು ಪುಲ್ಲಿ, ಇವೆರಡರ ನಡುವೆ ರಬ್ಬರ್ ಬೆಲ್ಟ್. ವೇಗ ಏರಿದಂತೆ ಮೊದಲನೆಯ ಪುಲ್ಲಿಯ ತಟ್ಟೆಗಳು ಹತ್ತಿರವಾಗಿ ಬೆಲ್ಟನ್ನು ಮೇಲಕ್ಕೆ ನೂಕುತ್ತವೆ, ಎರಡನೆಯದರ ತಟ್ಟೆಗಳು ದೂರ ಸರಿದು ಬೆಲ್ಟನ್ನು ಒಳಕ್ಕೆ ಬಿಡುತ್ತವೆ. ಸ್ಕೂಟರಿನಲ್ಲಿ ರೋಲರುಗಳು ಮಾಡುವ ಕೆಲಸವನ್ನು ಪೊಲಾರಿಸ್ ಕಂಪನಿಯ ಗಾಡಿಗಳ ಪ್ರೈಮರಿ ಕ್ಲಚ್ಚಿನಲ್ಲಿ, ಅಂದರೆ ಆ ಮೊದಲನೆಯ ಪುಲ್ಲಿಯಲ್ಲಿ, ಬಾಗಿದ ಮೂರು ಲೋಹದ ವೇಟುಗಳು ಮಾಡುತ್ತವೆ. ಸೆಕೆಂಡರಿ ಕ್ಲಚ್ಚಿನಲ್ಲಿ, ಅಂದರೆ ಎರಡನೆಯ ಪುಲ್ಲಿಯಲ್ಲಿ, ಒಂದು ಸ್ಪ್ರಿಂಗ್ ಮತ್ತು ಓರೆಯಾಗಿ ಕತ್ತರಿಸಿದ ಹೀಲಿಕ್ಸ್ ಎಂಬ ಲೋಹದ ಭಾಗ ಇರುತ್ತವೆ. ವ್ಯತ್ಯಾಸವಿರುವುದು ಶಕ್ತಿಯ ಪ್ರಮಾಣದಲ್ಲಿ: ಸ್ಕೂಟರಿನ ಎಂಟು ಹತ್ತು ಕುದುರೆಶಕ್ತಿಯ ಜಾಗದಲ್ಲಿ ಇಲ್ಲಿ 150ಕ್ಕೂ ಹೆಚ್ಚು ಕುದುರೆಶಕ್ತಿ ಅಂಥದೇ ಒಂದು ಬೆಲ್ಟಿನ ಮೂಲಕ ಹಾದುಹೋಗಬೇಕು.

ಕ್ಲಚ್ ಹೊಂದಿಸುವುದರ ಗುರಿ ಒಂದೇ. ಥ್ರಾಟಲ್ ಪೂರ್ತಿ ಒತ್ತಿದಾಗ ಎಂಜಿನ್ ತನ್ನ ಗರಿಷ್ಠ ಶಕ್ತಿ ಕೊಡುವ ಆರ್‌ಪಿಎಂನಲ್ಲಿ (ನಿಮಿಷಕ್ಕೆ ತಿರುಗುವ ಸುತ್ತುಗಳ ಸಂಖ್ಯೆ) ನಿಲ್ಲಬೇಕು, ಗಾಡಿ ಗಂಟೆಗೆ 30 ಮೈಲಿಯಲ್ಲಿರಲಿ 80 ಮೈಲಿಯಲ್ಲಿರಲಿ ಅಲ್ಲಿಂದ ಕದಲಬಾರದು. ಪೊಲಾರಿಸ್‌ನ 800 ಸಿಸಿ ಟೂ-ಸ್ಟ್ರೋಕ್ ಎಂಜಿನ್ನಿಗೆ ಅದು ಸುಮಾರು 8,250, ಇನ್ನೊಂದು ಬ್ರ್ಯಾಂಡ್ ಆದ ಸ್ಕೀ-ಡೂವಿನ 850 ಇ-ಟೆಕ್‌ಗೆ ಸುಮಾರು 7,900. ಟೂ-ಸ್ಟ್ರೋಕಿನ ಶಕ್ತಿ ಸೈಲೆನ್ಸರ್ ಪೈಪಿನ ಆಕಾರಕ್ಕೆ ಕಟ್ಟುಬಿದ್ದಿರುವುದರಿಂದ ಆ ಅಂಕಿಯಿಂದ ಇನ್ನೂರು ಮುನ್ನೂರು ಆಚೀಚೆಯಾದರೂ ಸವಾರನಿಗೆ ತಿಳಿಯುತ್ತದೆ. ಪೈಪ್ ಕಾಯುವ ಮೊದಲು ಆ ಗರಿಷ್ಠದ ಬಿಂದುವೇ ಕೆಳಗಿರುತ್ತದೆ. ಆದ್ದರಿಂದ ಗ್ಯಾರೇಜಿನಿಂದ ಹೊರಗೆಳೆದ ಕೂಡಲೇ ಒಂದು ಓಟ ಓಡಿಸಿ ತೀರ್ಮಾನಕ್ಕೆ ಬರುವವರ ಮಾತನ್ನು ನಾನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.

ವೇಟಿನ ಲೆಕ್ಕವನ್ನು ಕಾಗದದ ಮೇಲೆಯೇ ಮಾಡಿ ನೋಡಬಹುದು. ತಿರುಗುವ ವೇಟು ಹೊರಕ್ಕೆ ತಳ್ಳುವ ಬಲ ಅದರ ತೂಕಕ್ಕೂ ಆರ್‌ಪಿಎಂನ ವರ್ಗಕ್ಕೂ ಅನುಗುಣವಾಗಿರುತ್ತದೆ. 64 ಗ್ರಾಂ ವೇಟು ತೆಗೆದು 62 ಗ್ರಾಮಿನದನ್ನು ಹಾಕಿದರೆ ತೂಕ ಶೇ 3ರಷ್ಟು ಇಳಿಯುತ್ತದೆ. ಅದೇ ಬಲ ಹುಟ್ಟಬೇಕಾದರೆ ಎಂಜಿನ್ ಅದರ ಅರ್ಧದಷ್ಟು, ಅಂದರೆ ಶೇ ಒಂದೂವರೆಯಷ್ಟು ಹೆಚ್ಚು ತಿರುಗಬೇಕು. 8,250ರ ಮೇಲೆ ಅದು ಸುಮಾರು 130 ಆರ್‌ಪಿಎಂ. ಬಯಲಿನಲ್ಲಿ ಮೀಟರ್ ತೋರಿಸುವುದೂ ಹೆಚ್ಚುಕಡಿಮೆ ಇಷ್ಟೇ. ಕಂಪನಿಯ ವೇಟುಗಳು ಸಾಮಾನ್ಯವಾಗಿ 2 ಗ್ರಾಮಿನ ಅಂತರದಲ್ಲಿ ಸಿಗುವುದರಿಂದ, ಒಂದು ಹೆಜ್ಜೆ ಬದಲಾಯಿಸಿದರೆ ಏನಾಗುತ್ತದೆಂದು ಮೊದಲೇ ಊಹಿಸಬಹುದು. ಸ್ಕೀ-ಡೂವಿನ ಟಿಆರ್‌ಎ ಕ್ಲಚ್ಚಿನಲ್ಲಂತೂ ವೇಟು ಮುಟ್ಟದೆಯೇ ಕ್ಲಿಕ್ಕರ್ ಎಂಬ ಅಂಕಿ ಗುರುತಿನ ತಿರುಪನ್ನು ತಿರುಗಿಸಿ, ಒಂದೊಂದು ಅಂಕಿಗೆ ಸುಮಾರು 200 ಆರ್‌ಪಿಎಂನಂತೆ ಏರಿಸಿ ಇಳಿಸುವ ಅನುಕೂಲವನ್ನು ಕಂಪನಿಯೇ ಇಟ್ಟಿದೆ.

ಪ್ರೈಮರಿಯಲ್ಲಿ ವೇಟುಗಳಿಗೆ ಎದುರಾಗಿ ಒತ್ತುವ ಸ್ಪ್ರಿಂಗೂ ಇರುತ್ತದೆ, ಅದಕ್ಕೆ ಎರಡು ಅಂಕಿ. 120/320 ಎಂದಿದ್ದರೆ ಬೆಲ್ಟ್ ಹಿಡಿಯುವ ಹೊತ್ತಿನಲ್ಲಿ 120 ಪೌಂಡ್, ಪೂರ್ತಿ ಒತ್ತಿಕೊಂಡಾಗ 320 ಪೌಂಡ್ ಎಂದರ್ಥ. ಮೊದಲನೆಯದು ಹೆಚ್ಚಿದರೆ ಗಾಡಿ ಹೆಚ್ಚಿನ ಆರ್‌ಪಿಎಂನಲ್ಲಿ ಹೊರಡುತ್ತದೆ, ಎರಡನೆಯದು ಹೆಚ್ಚಿದರೆ ಓಟದ ಕೊನೆಯಲ್ಲಿ ಎಂಜಿನ್ ಹೆಚ್ಚು ತಿರುಗುತ್ತದೆ. ಹೀಲಿಕ್ಸಿನದು ಕೋನದ ವಿಚಾರ. ಕೋನ ದೊಡ್ಡದಾದಷ್ಟೂ ಸೆಕೆಂಡರಿ ಬೇಗ ತೆರೆದುಕೊಂಡು ಮೇಲಿನ ಗೇರಿನಂಥ ವೇಗದ ಅನುಪಾತಕ್ಕೆ ಜಾರುತ್ತದೆ; ಚಿಕ್ಕದಾದಷ್ಟೂ ಬೆಲ್ಟನ್ನು ಬಿಗಿಯಾಗಿ ಹಿಡಿದು, ಥ್ರಾಟಲ್ ಬಿಟ್ಟು ಮತ್ತೆ ಒತ್ತಿದಾಗ ಚುರುಕಾಗಿ ಕೆಳಗಿನ ಗೇರಿನಂಥ ಅನುಪಾತಕ್ಕೆ ಹಿಂದಿರುಗುತ್ತದೆ. ಮರಗಳ ನಡುವೆ ಓಡಿಸುವವರಿಗೆ ಈ ಎರಡನೆಯ ಗುಣ ಬೇಕು, ಹೆಪ್ಪುಗಟ್ಟಿದ ಕೆರೆಯ ಮೇಲೆ ನೇರ ಓಡಿಸುವವರಿಗೆ ಮೊದಲನೆಯದು.

ಇನ್ನು ಕಿಟ್ಟಿನ ವಿಚಾರ. ನೂರಾರು ಡಾಲರ್ ಕೊಟ್ಟರೆ ಪೆಟ್ಟಿಗೆಯಲ್ಲಿ ಬರುವುದು ಸಾಮಾನ್ಯವಾಗಿ ಒಂದು ಸೆಟ್ ವೇಟು, ಪ್ರೈಮರಿ ಸ್ಪ್ರಿಂಗ್, ಕೆಲವೊಮ್ಮೆ ಹೀಲಿಕ್ಸ್ ಮತ್ತು ಸೆಕೆಂಡರಿ ಸ್ಪ್ರಿಂಗ್. ಹಾಕಿಸಿದವರೆಲ್ಲ ಗಾಡಿ ಬದಲಾಗಿಹೋಯಿತು ಎನ್ನುತ್ತಾರೆ. ಅವರು ಸುಳ್ಳು ಹೇಳುತ್ತಿಲ್ಲ. ಆದರೆ ಆ ಬದಲಾವಣೆಯಲ್ಲಿ ಎಷ್ಟು ಪಾಲು ಕಿಟ್ಟಿನದು, ಎಷ್ಟು ಪಾಲು ಹೊಸ ಸ್ಪ್ರಿಂಗಿನದು ಎಂದು ಬೇರ್ಪಡಿಸಿ ನೋಡಿದವರು ಕಡಿಮೆ. ಎರಡು ಮೂರು ಚಳಿಗಾಲ ಓಡಿದ ಪ್ರೈಮರಿ ಸ್ಪ್ರಿಂಗನ್ನು ಹೊಸದರ ಪಕ್ಕದಲ್ಲಿ ಮೇಜಿನ ಮೇಲೆ ನಿಲ್ಲಿಸಿದರೆ ಗಿಡ್ಡವಾಗಿರುವುದು ಬರಿಗಣ್ಣಿಗೇ ಕಾಣುವುದುಂಟು. ಸ್ಪ್ರಿಂಗ್ ಸೋತರೆ ಬೆಲ್ಟ್ ಬೇಗ ಹಿಡಿಯುತ್ತದೆ, ಎಂಜಿನ್ ತನ್ನ ಆರ್‌ಪಿಎಂ ತಲುಪುವುದಿಲ್ಲ, ಸವಾರ ಎಂಜಿನ್ನೇ ಮುದಿಯಾಯಿತೆಂದುಕೊಳ್ಳುತ್ತಾನೆ. ವೇಟುಗಳನ್ನು ಬಿಚ್ಚಿ ರೋಲರ್ ಉರುಳುವ ಮೈಮೇಲೆ ಉಗುರು ಎಳೆದರೆ ಸವೆದ ಜಾಗದಲ್ಲಿ ತಗ್ಗು ತಗಲುತ್ತದೆ. ಆ ತಗ್ಗನ್ನು ದಾಟುವಾಗ ಆರ್‌ಪಿಎಂ ಹೊಯ್ದಾಡುತ್ತದೆ. ಬುಷ್ ಸಡಿಲಗೊಂಡಿರುವುದು, ಬೆಲ್ಟ್ ಸವೆದು ಅಗಲ ಕಳೆದುಕೊಂಡಿರುವುದು, ತಟ್ಟೆಗಳ ಮೇಲೆ ರಬ್ಬರ್ ಮೆತ್ತಿರುವುದು, ಇವುಗಳಲ್ಲಿ ಒಂದನ್ನೂ ಸರಿಪಡಿಸದೆ ಕಿಟ್ ಹಾಕಿದರೆ ಹೊಸ ಭಾಗಗಳು ಹಳೆಯ ದೋಷಗಳಿಗೆ ಹೊಂದಿಕೊಂಡು ಕೂರುತ್ತವೆ, ಮುಂದೆ ಬೆಲ್ಟ್ ಬದಲಾಯಿಸಿದ ದಿನ ಲೆಕ್ಕವೆಲ್ಲ ತಲೆಕೆಳಗಾಗುತ್ತದೆ.

ಬೆಲ್ಟ್ ಎಲ್ಲಿಯವರೆಗೆ ಏರುತ್ತಿದೆ ಎಂದು ತಿಳಿಯಲು ಖರ್ಚಿಲ್ಲದ ಉಪಾಯವೊಂದಿದೆ. ತಟ್ಟೆಗಳನ್ನು ಸ್ವಚ್ಛಗೊಳಿಸಿ, ನಡುವಿನಿಂದ ಅಂಚಿನವರೆಗೆ ಕಪ್ಪು ಮಾರ್ಕರಿನಲ್ಲಿ ಗೆರೆ ಎಳೆದು, ಒಂದು ಓಟ ಓಡಿಸಿ ಬಂದು ನೋಡಿದರೆ ಬೆಲ್ಟ್ ಉಜ್ಜಿದಷ್ಟು ಉದ್ದಕ್ಕೆ ಗೆರೆ ಅಳಿಸಿರುತ್ತದೆ. ಅಂಚಿನ ಬಳಿ ಒಂದು ಬೆರಳಿನಷ್ಟು ಗೆರೆ ಹಾಗೆಯೇ ಉಳಿದಿದ್ದರೆ ಗಾಡಿ ತನ್ನ ಪೂರ್ತಿ ಅನುಪಾತವನ್ನು ಬಳಸುತ್ತಿಲ್ಲ ಎಂದಾಯಿತು. ಜೊತೆಗೆ ನಿಂತ ಕೂಡಲೇ ಎಂಜಿನ್ ಆರಿಸಿ, ಹೊದಿಕೆ ತೆಗೆದು ತಟ್ಟೆಗಳ ಬಿಸಿಯನ್ನು ಇನ್‌ಫ್ರಾರೆಡ್ ಥರ್ಮಾಮೀಟರಿನಲ್ಲಿ ನೋಡಬೇಕು. ಬೆಲ್ಟ್ ಜಾರುತ್ತಿದ್ದರೆ ಆ ಶಕ್ತಿಯೆಲ್ಲ ಅಲ್ಲಿ ಬಿಸಿಯಾಗಿ ಹೋಗುತ್ತಿರುತ್ತದೆ. ವೇಗದ ಮೀಟರಿಗಿಂತ ಈ ಅಂಕಿಯ ಮೇಲೆಯೇ ನನಗೆ ಹೆಚ್ಚು ನಂಬಿಕೆ.

ಹಾಗೆಂದು ಹೊರಗಿನ ಭಾಗಗಳು ದಂಡವೆಂದು ನಾನು ಹೇಳಲಾರೆ. ಡಾಲ್ಟನ್‌ನಂಥ ತಯಾರಕರು ಮಾಡುವ ಹೊಂದಿಸಬಲ್ಲ ವೇಟುಗಳಲ್ಲಿ ಬುಡದ ಕಡೆಗೋ ತುದಿಯ ಕಡೆಗೋ ತೂಕ ಸೇರಿಸಬಹುದು. ಬುಡದ ತೂಕ ಹೊರಡುವಾಗಿನ ಎಳೆತವನ್ನೂ ತುದಿಯ ತೂಕ ಕೊನೆಯ ವೇಗದ ಆರ್‌ಪಿಎಂ ಅನ್ನೂ ಬದಲಿಸುವುದರಿಂದ, ಒಟ್ಟು ತೂಕ ಮಾತ್ರ ಬದಲಾಗುವ ಕಂಪನಿಯ ವೇಟುಗಳಿಂದ ಈ ಸೂಕ್ಷ್ಮ ಸಾಧ್ಯವಿಲ್ಲ. ಟ್ರ್ಯಾಕನ್ನು ಉದ್ದದ ಅಥವಾ ಎತ್ತರದ ಹಲ್ಲುಗಳ ಟ್ರ್ಯಾಕಿಗೆ ಬದಲಾಯಿಸಿದವರಿಗೆ, ಪೈಪ್ ಬದಲಾಯಿಸಿದವರಿಗೆ, ಹೊರಗಿನ ಟರ್ಬೊ ಕೂರಿಸಿದವರಿಗೆ ಕಂಪನಿಯ ಪಟ್ಟಿ ಅನ್ವಯಿಸುವುದೇ ಇಲ್ಲ. ಅವರು ಕಿಟ್ ಕೊಳ್ಳುವುದರಲ್ಲಿ ಅರ್ಥವಿದೆ. ಮೂರೂ ವೇಟುಗಳು ಒಂದೇ ತೂಕವಿರುವಂತೆ ಗ್ರಾಮಿನ ಹತ್ತನೇ ಒಂದು ಭಾಗ ತೋರುವ ತಕ್ಕಡಿಯಲ್ಲಿ ತೂಗಿ ನೋಡುವ ತಾಳ್ಮೆ ಮಾತ್ರ ಇರಬೇಕು, ಏಕೆಂದರೆ ಎಂಟು ಸಾವಿರ ಆರ್‌ಪಿಎಂನಲ್ಲಿ ಅಸಮತೋಲದ ಪೆಟ್ಟು ಬೀಳುವುದು ಕ್ರ್ಯಾಂಕಿನ ಮೇಲೆ.

ಎತ್ತರದ ವಿಚಾರದಲ್ಲಿ ಮಾತ್ರ ಕಿಟ್ ಮಾರುವವರ ವಾದವನ್ನು ನಾನು ಒಪ್ಪುವುದಿಲ್ಲ. ಟರ್ಬೊ ಇಲ್ಲದ ಎಂಜಿನ್ ಪ್ರತಿ ಸಾವಿರ ಅಡಿಗೆ ಸುಮಾರು ಶೇ 3ರಷ್ಟು ಶಕ್ತಿ ಕಳೆದುಕೊಳ್ಳುತ್ತದೆ. ಸಮುದ್ರಮಟ್ಟದಿಂದ ಸುಮಾರು 600 ಅಡಿಯಲ್ಲಿರುವ ಸುಪೀರಿಯರ್ ತೀರದಿಂದ ಗಾಡಿಯನ್ನು ಟ್ರೇಲರಿನಲ್ಲಿ ಹೇರಿಕೊಂಡು ಮೊಂಟಾನಾದ ಕುಕ್ ಸಿಟಿಗೆ ಹೋದರೆ ಅಲ್ಲಿನ ರಸ್ತೆಯೇ 7,500 ಅಡಿಗಿಂತ ಮೇಲಿದೆ; ಶಕ್ತಿಯಲ್ಲಿ ಐದನೇ ಒಂದು ಭಾಗ ಹೋಯಿತೆಂದೇ ತಿಳಿಯಬೇಕು. ಇದಕ್ಕೆ ಬೇಕಾದ ಹಗುರ ವೇಟು ಯಾವುದು, ಸ್ಪ್ರಿಂಗ್ ಯಾವುದು ಎಂಬುದನ್ನು ಎತ್ತರವಾರು ಪಟ್ಟಿ ಮಾಡಿ ಕಂಪನಿಗಳೇ ಕೊಟ್ಟಿರುತ್ತವೆ. ಆ ಪಟ್ಟಿ ಸಾವಿರಾರು ಮೈಲಿ ಪರೀಕ್ಷೆಯಿಂದ ಬಂದದ್ದು, ಒಂದು ಸೆಟ್ ವೇಟಿನ ಬೆಲೆ ಕಿಟ್ಟಿನ ಬೆಲೆಯ ಹತ್ತಿರಕ್ಕೂ ಬರುವುದಿಲ್ಲ.

ಕರ್ನಾಟಕದಿಂದ ಇಲ್ಲಿನ ಹೋಟನ್ ಊರಿನ ಮಿಷಿಗನ್ ಟೆಕ್ ವಿಶ್ವವಿದ್ಯಾಲಯಕ್ಕೆ ಎಂ.ಎಸ್. ಓದಲು ಬರುವವರಿಗೆ ಒಂದು ಸೂಚನೆ: 2003ರಲ್ಲಿ ಇಲ್ಲಿಗೆ ಬಂದ ಎಸ್‌ಎಇ ಕ್ಲೀನ್ ಸ್ನೋಮೊಬೈಲ್ ಚಾಲೆಂಜ್ ಎಂಬ ವಿದ್ಯಾರ್ಥಿ ಸ್ಪರ್ಧೆಯನ್ನು ಅವಕಾಶ ಸಿಕ್ಕರೆ ಹೋಗಿ ನೋಡಿ. ಹೊಗೆ, ಸದ್ದು, ಇಂಧನ ಎಂದು ಚರ್ಚಿಸುವ ತಂಡಗಳೂ ಕೊನೆಗೆ ಕ್ಲಚ್ಚಿನ ಮುಂದೆ ಮಂಡಿಯೂರಿ ಕೂರುವುದು ಕಾಣಸಿಗುತ್ತದೆ.

ಕಿಟ್ ಕೊಳ್ಳಲೇಬೇಕೆಂದು ನಿಶ್ಚಯಿಸಿದವರು ವೇಟು, ಸ್ಪ್ರಿಂಗ್, ಹೀಲಿಕ್ಸ್ ಮೂರನ್ನೂ ಒಂದೇ ದಿನ ಬದಲಾಯಿಸಬಾರದು. ಒಂದನ್ನು ಬದಲಾಯಿಸಿ, ಅದೇ ಹಿಮದಲ್ಲಿ ಅದೇ ದಾರಿಯಲ್ಲಿ ಓಡಿಸಿ, ಆರ್‌ಪಿಎಂ ಮತ್ತು ತಟ್ಟೆಯ ಬಿಸಿಯನ್ನು ಬರೆದುಕೊಂಡು ಮುಂದಿನದಕ್ಕೆ ಕೈಹಾಕಬೇಕು. ಪ್ರೈಮರಿಯ ಮುಚ್ಚಳ ತೆಗೆಯುವಾಗ ಒಳಗಿನ ಸ್ಪ್ರಿಂಗ್ ಒತ್ತಿಕೊಂಡಿರುತ್ತದೆ ಎಂಬುದನ್ನು ಮರೆಯದೆ ಬೋಲ್ಟುಗಳನ್ನು ಎದುರುಬದುರಾಗಿ ಸ್ವಲ್ಪ ಸ್ವಲ್ಪವೇ ಸಡಿಲಿಸಬೇಕು, ಬೆಲ್ಟ್ ಅಥವಾ ಗಾರ್ಡ್ ಇಲ್ಲದೆ ಎಂಜಿನ್ ಚಾಲೂ ಮಾಡಲೇಬಾರದು. ಕಳಚಿದ ಕಂಪನಿಯ ಭಾಗಗಳಿಗೆ ಅವುಗಳ ತೂಕ ಮತ್ತು ಸಂಖ್ಯೆಯ ಚೀಟಿ ಅಂಟಿಸಿ ಎತ್ತಿಡಿ. ಗಾಡಿ ಮಾರುವ ದಿನ ಕೊಳ್ಳುವವನು ಮೊದಲು ಕೇಳುವುದು ಅವನ್ನೇ.