ಆ ಸಣ್ಣ ಪಟ್ಟಿ

2018ರ ವಿಧಾನಸಭಾ ಚುನಾವಣೆ ಆಗಷ್ಟೇ ಮುಗಿದಿತ್ತು. ಚುನಾವಣೆ ಮುಗಿದ ಮೇಲೆ, ಅದಕ್ಕೂ ಮೊದಲು ಠಾಣೆಯಲ್ಲಿ ಜಮಾ ಮಾಡಿದ ಗನ್‌ಗಳೆಲ್ಲ ವಾಪಸ್ ಬರುತ್ತವೆ, ಇಷ್ಟು ದಿನ ಎಣ್ಣೆ ಕಾಣದೆ ಕೂತಿದ್ದವು ಅಲ್ವಾ, ಹಾಗಾಗಿ ಕಲಬುರಗಿಯ ನಮ್ಮ ರಿಪೇರಿ ಅಂಗಡಿಯಲ್ಲಿ ಕೆಲಸ ಜಾಸ್ತಿ. ನಾನು ಉಸ್ತಾದರ ಕೈಕೆಳಗೆ ಸೇರಿ ಎರಡು ವರ್ಷವಾಗಿತ್ತು.

ಜೇವರ್ಗಿ ಕಡೆಯ ಗೌಡರೊಬ್ಬರು ಅಪ್ಪನ ಕಾಲದ .32 ರಿವಾಲ್ವರ್ ತಂದರು. ಲೈಸೆನ್ಸ್ ತೋರಿಸಿದರು, ಆಮೇಲೆ ಫೋನಿನಲ್ಲಿ ಒಂದು ವಿಡಿಯೋನೂ ತೋರಿಸಿದರು.

"ತಮ್ಮಾ, ಅಮೆರಿಕಾದಾಗ ಒಳಗಿನ ಲಾಕ್ ತಗದು ಒಗೀತಾರ ನೋಡು. ನಂದೂ ತಗಿ, ಘೋಡಾ ಹಗುರ ಆಗ್ಲಿ."

ಘೋಡಾ ಅಂದರೆ ಗುಂಡಿಗೆ ಹಿಂದಿನಿಂದ ಬಡಿಯುವ ಹ್ಯಾಮರ್. ಉಸ್ತಾದರು ನಮಾಜಿಗೆ ಹೋಗಿದ್ದರು. ಕೇಳಲು ಕಾಯಲಿಲ್ಲ. ಬಿಚ್ಚಿದೆ. ಒಳಗೆ ಬೆಂಕಿಕಡ್ಡಿಯಷ್ಟು ಉದ್ದದ ತೆಳು ಉಕ್ಕಿನ ಪಟ್ಟಿಯೊಂದಿತ್ತು. ಇದೇ ಲಾಕ್ ಅಂದುಕೊಂಡು ತೆಗೆದು ಡಬ್ಬಿಗೆ ಹಾಕಿ, ಮುಚ್ಚಿ, ಎಣ್ಣೆ ಒರೆಸಿ ಕೊಟ್ಟುಬಿಟ್ಟೆ. ಗೌಡರು ಖುಷಿಯಾಗಿ ಹೋದರು.

ಉಸ್ತಾದರು ಬಂದು ಡಬ್ಬಿ ನೋಡಿದರು. "ಇದು ಯಾವುದರದ್ದು?" ಹೇಳಿದೆ. ಅವರು ಬೈಯಲಿಲ್ಲ. ಮೊದಲು ಫೋನ್ ಎತ್ತಿದರು: "ಗೌಡ್ರೇ, ಅದರಾಗ ಒಂದೂ ಗುಂಡು ಹಾಕಬ್ಯಾಡ್ರಿ. ಹಾಕಿದ್ರ ಈಗೇ ತಗೀರಿ. ನಾಳೆ ಮುಂಜಾನೆ ತಗೊಂಡು ಬರ್ರಿ."

ವಿಡಿಯೋದಲ್ಲಿದ್ದ ಲಾಕ್ ಬೇರೆ. ಅದು ಬೀಗದ ಕೈ ಹಾಕಿ ತಿರುಗಿಸುವಂಥದ್ದು, ಸ್ಮಿತ್ ಅಂಡ್ ವೆಸನ್ ಅನ್ನುವ ಅಮೆರಿಕದ ಕಂಪನಿಯ ರಿವಾಲ್ವರ್‌ಗಳಿಗೆ ಅದು ಬಂದದ್ದೇ 2001ರ ನಂತರ. ಗೌಡರ ಅಪ್ಪನ ಕಾಲದ್ದರಲ್ಲಿ ಅದು ಎಲ್ಲಿಂದ ಬರಬೇಕು? ನಾನು ತೆಗೆದದ್ದು ಹ್ಯಾಮರ್ ಬ್ಲಾಕ್. ಟ್ರಿಗರ್ ಎಳೆಯದೆ ಇರುವಾಗಲೆಲ್ಲ ಘೋಡಾಕ್ಕೂ ಗುಂಡಿಗೂ ನಡುವೆ ಅದು ಅಡ್ಡ ನಿಂತಿರುತ್ತದೆ. ಗನ್ ಕೈಜಾರಿ ಬಿದ್ದರೂ ಗುಂಡು ಹಾರಬಾರದು ಅಂತ. 1944ರಲ್ಲಿ ಅಮೆರಿಕದ ನೌಕಾಪಡೆಯಲ್ಲಿ ರಿವಾಲ್ವರ್ ಕೆಳಗೆ ಬಿದ್ದು ಗುಂಡು ಹಾರಿ ಒಬ್ಬ ನಾವಿಕ ಸತ್ತ, ಆಮೇಲೆ ಆ ಕಂಪನಿ ಇದೇ ಭಾಗವನ್ನು ಹೊಸದಾಗಿ ಮಾಡಿತು. ಇದೆಲ್ಲ ನಾನು ಆಮೇಲೆ ಓದಿ ತಿಳಿದದ್ದು.

ಆ ರಾತ್ರಿ ನಿದ್ದೆ ಬರಲಿಲ್ಲ. ಗೌಡರು ರಿವಾಲ್ವರ್ ಸೊಂಟಕ್ಕೆ ಸಿಕ್ಕಿಸಿಕೊಂಡು ಬೈಕ್ ಮೇಲೆ ತೊಗರಿ ಹೊಲಕ್ಕೆ ಹೋಗುವವರು. ಮನೆಯಲ್ಲಿ ಮೊಮ್ಮಕ್ಕಳಿದ್ದಾರೆ.

ಬೆಳಿಗ್ಗೆ ಅವರು ಬಂದಾಗ ಉಸ್ತಾದರು ಖಾಲಿ ರಿವಾಲ್ವರನ್ನು ಬೆಳಕಿಗೆ ಹಿಡಿದು ಘೋಡಾದ ಮೇಲೆ ಹೆಬ್ಬೆರಳು ಒತ್ತಿದರು. ಗುಂಡು ಕೂರುವ ಕಡೆ, ಗುಂಡಿಗೆ ಚುಚ್ಚಿ ಹಾರಿಸುವ ಪಿನ್ನಿನ ತುದಿ ಅಕ್ಕಿ ನುಚ್ಚಿನಷ್ಟು ಹೊರಗೆ ಬಂತು. ಪಟ್ಟಿ ಕೂರಿಸಿ ಮತ್ತೆ ಒತ್ತಿದರು. ಬರಲಿಲ್ಲ. ಗೌಡರು ಎರಡನ್ನೂ ನೋಡಿ ಸುಮ್ನೆ ನಿಂತರು. ತಪ್ಪು ನಂದೇ ಅಂತ ನಾನೇ ಹೇಳಿದೆ, ಉಸ್ತಾದರ ಬಾಯಿಂದ ಹೇಳಿಸಲಿಲ್ಲ. ಘೋಡಾ ಬಿಗಿಯಾಗಿದ್ದಕ್ಕೆ ಕಾರಣ ಒಳಗೆ ಗಟ್ಟಿಯಾದ ಹಳೇ ಗ್ರೀಸು, ತೊಳೆದು ಕೊಟ್ಟ ಮೇಲೆ ಸರಿಯಾಯಿತು.

ಈಗಲೂ ವರ್ಷಕ್ಕೊಮ್ಮೆ ಸರ್ವೀಸಿಗೆ ಬರುತ್ತಾರೆ. ರಿವಾಲ್ವರ್ ವಾಪಸ್ ತಗೊಳ್ಳುವ ಮೊದಲು ಕಿಟಕಿ ಹತ್ತಿರ ಹೋಗಿ, "ಒತ್ತಿ ತೋರಸು ತಮ್ಮಾ" ಅನ್ನುತ್ತಾರೆ. ತೋರಿಸುತ್ತೇನೆ.