ಯಾವ ಕೈ ಬೆರಳು?

ಮಗಳ ಕೈಗೆ ಡ್ರಿಪ್ ಸೂಜಿ ಹಾಕುವ ಮೊದಲು ಆ ಸಿಸ್ಟರ್ ನನ್ನನ್ನು ಕೇಳಿದ್ದು ಒಂದೇ ಪ್ರಶ್ನೆ.

"ಈಕಿ ಯಾವ ಕೈ ಬೆರಳ ಚೀಪ್ತಾಳ್ರಿ?"

"ಎಡಗೈ" ಅಂದೆ. ಅವರು ಬಲಗೈ ತಗೊಂಡರು. ಯಾಕೆ ಅಂತ ನನಗೆ ಅರ್ಥವಾಗಿದ್ದು ರಾತ್ರಿ, ಮಗಳು ಎಡ ಹೆಬ್ಬೆರಳು ಬಾಯಿಗಿಟ್ಟುಕೊಂಡು ನಿದ್ದೆ ಹೋದಾಗ.

ಅದು 2024ರ ಜುಲೈ. ಹಾಸನದಲ್ಲಿ ಎಲ್ಲಿ ನೋಡಿದರೂ ಡೆಂಗಿಯದೇ ಮಾತು. ಎರಡೂವರೆ ವರ್ಷದ ಮಗಳಿಗೆ ಮೂರು ದಿನದಿಂದ ಜ್ವರ, ವಾಂತಿ. ಮೊದಲು ಹೋದ ಕ್ಲಿನಿಕ್ಕಿನಲ್ಲಿ ರಕ್ತ ತೆಗೆಯಲು ಮೂರು ಸಲ ಚುಚ್ಚಿದ್ದರು. ಮೂರು ಸಲವೂ ನಾನು "ನೋವಾಗಲ್ಲ ಪುಟ್ಟಿ, ಇರುವೆ ಕಚ್ಚಿದ ಹಾಗೆ ಅಷ್ಟೇ" ಅಂದಿದ್ದೆ. ಅದಾದ ಮೇಲೆ ಬಿಳಿ ಬಟ್ಟೆ ಕಂಡರೆ ಸಾಕು, ಕಿರುಚಾಟ. ನನ್ನ ಮಾತಿಗಂತೂ ಬೆಲೆಯೇ ಇರಲಿಲ್ಲ.

ಆಮೇಲೆ ಸೇರಿಸಿದ ಆಸ್ಪತ್ರೆಯ ಈ ಸಿಸ್ಟರ್ ಬಿಜಾಪುರದ ಕಡೆಯವರು. ಮಗಳ ಕಣ್ಣಿನ ಮಟ್ಟಕ್ಕೆ ಕುಕ್ಕರಗಾಲಲ್ಲಿ ಕೂತು ಹೇಳಿದರು. "ಚುಚ್ತದ. ನಾ ಸುಳ್ಳ ಹೇಳಂಗಿಲ್ಲ. ನೀ ಜೋರಾಗಿ ಅಳು, ಕೈ ಮಾತ್ರ ಅಲುಗಾಡಿಸಬ್ಯಾಡ." ಮಗಳು ಜೋರಾಗಿಯೇ ಅತ್ತಳು. ಕೈ ಅಲುಗಾಡಲಿಲ್ಲ ಅಂತ ಹೇಳಿದರೆ ಸುಳ್ಳಾಗುತ್ತೆ, ನಾನೂ ಗಟ್ಟಿಯಾಗಿ ಹಿಡಿದಿದ್ದೆ. ಆದರೆ ಒಂದೇ ಸಲಕ್ಕೆ ಸೂಜಿ ಕೂತಿತು. ರಟ್ಟಿನ ತುಂಡಿಗೆ ಹತ್ತಿ ಸುತ್ತಿ, ಅಂಗೈ ಕೆಳಗೆ ಇಟ್ಟು ಬ್ಯಾಂಡೇಜ್ ಕಟ್ಟಿದರು.

ಮಾರನೇ ದಿನ ಜ್ವರ ಬಿಟ್ಟಿತು. ನನಗೆ ಹೋದ ಜೀವ ಬಂದ ಹಾಗಾಗಿ ಊರಿಗೆಲ್ಲ ಫೋನ್ ಮಾಡಿದೆ. ಸಂಜೆ ಡ್ಯೂಟಿಗೆ ಬಂದ ಸಿಸ್ಟರ್ ಮುಖದಲ್ಲಿ ಮಾತ್ರ ಅಂಥ ಖುಷಿ ಕಾಣಲಿಲ್ಲ. "ಡೆಂಗಿಯೊಳಗ ಜ್ವರ ಇಳಿದ ಮ್ಯಾಲೇ ಹುಷಾರಿರಬೇಕ್ರಿ" ಅಂದರು. ಪ್ಲೇಟ್‌ಲೆಟ್ 42,000ಕ್ಕೆ ಇಳಿದಿತ್ತು. ನಾನು ಆ ಒಂದು ಸಂಖ್ಯೆಯನ್ನೇ ಜಪ ಮಾಡುತ್ತಿದ್ದೆ. ಅವರು ನೋಡುತ್ತಿದ್ದದ್ದು ಬೇರೆಯದನ್ನು. ರಕ್ತನಾಳದಿಂದ ನೀರಿನಂಶ ಸೋರಿ ಹೋಗುವ ಹೊತ್ತಂತೆ ಅದು. ಡ್ರಿಪ್ ಕಮ್ಮಿಯಾದರೂ ಕಷ್ಟ, ಜಾಸ್ತಿಯಾದರೂ ಕಷ್ಟ. ಗಂಟೆಗೊಮ್ಮೆ ಬಂದು ಮಗಳ ಪುಟ್ಟ ಉಗುರನ್ನು ಒತ್ತಿ ಬಿಡುತ್ತಿದ್ದರು. ಬೆಳ್ಳಗಾದ ಉಗುರು ಮತ್ತೆ ಕೆಂಪಾಗಲು ಎಷ್ಟು ಹೊತ್ತು ಹಿಡಿಯುತ್ತೆ ಅಂತ ಎಣಿಕೆ. ಎರಡು ಸೆಕೆಂಡ್ ದಾಟಬಾರದು. ಕೈ ತಣ್ಣಗಿದ್ದರೆ ಲೆಕ್ಕ ತಪ್ಪುತ್ತೆ ಅಂತ ಮೊದಲು ತಮ್ಮ ಎರಡೂ ಅಂಗೈಯಲ್ಲಿ ಅವಳ ಕೈಯನ್ನು ಸ್ವಲ್ಪ ಹೊತ್ತು ಇಟ್ಟುಕೊಳ್ಳುತ್ತಿದ್ದರು.

ನನ್ನ ಅತ್ತೆ ಬಸ್ಸು ಹತ್ತಿ ದಾಳಿಂಬೆ ಜ್ಯೂಸ್ ತಂದಿದ್ದರು. ರಕ್ತ ಹೆಚ್ಚಲಿ ಅಂತ. ಸಿಸ್ಟರ್ ಬೈಯಲಿಲ್ಲ. "ಚಲೋನ ಅದರಿ ಅಜ್ಜಿ. ಆದ್ರ ಈಗ ವಾಂತಿ ಆದ್ರ ಅದು ರಕ್ತೋ, ಹಣ್ಣಿನ ರಸಾನೋ ನಮಗ ತಿಳಿಯಂಗಿಲ್ಲ. ಗಂಜಿ ತಿಳಿ ಇದ್ರ ಕೊಡ್ರಿ" ಅಂದರು. ನಾನು ಹೇಳಿದ್ದರೆ ಅತ್ತೆ ಕೇಳುತ್ತಿದ್ದರಾ? ಸುಮ್ನೆ ಲೋಟ ಪಕ್ಕಕ್ಕಿಟ್ಟು ಕ್ಯಾಂಟೀನ್ ಹುಡುಕಿಕೊಂಡು ಹೋದರು.

ಇನ್ನು ಡೈಪರ್ ತೂಕ. ಬಿಚ್ಚಿದ ಡೈಪರನ್ನು ಎಸೆಯದೆ ತಕ್ಕಡಿ ಮೇಲಿಡುತ್ತಿದ್ದರು. ಒಣ ಡೈಪರಿನ ತೂಕ ಕಳೆದರೆ ಉಳಿಯುವ ಒಂದೊಂದು ಗ್ರಾಮಿಗೂ ಒಂದೊಂದು ಎಂಎಲ್ ಮೂತ್ರ. ಮಗಳ ತೂಕ 12 ಕೆಜಿ, ಗಂಟೆಗೆ 12 ಎಂಎಲ್ ಆದರೂ ಬರಬೇಕು. ರಾತ್ರಿ ಹತ್ತಕ್ಕೆ ನೋಡಿದರೆ ಹಿಂದಿನ ನಾಲ್ಕು ಗಂಟೆಯಲ್ಲಿ ಬಂದಿದ್ದು ಬರೀ 30 ಎಂಎಲ್. ಸಿಸ್ಟರ್ ಡಾಕ್ಟರಿಗೆ ಫೋನ್ ಮಾಡಿದರು, ಡ್ರಿಪ್ಪಿನ ವೇಗ ಬದಲಾಯಿತು, ರಕ್ತ ಮತ್ತೆ ಲ್ಯಾಬಿಗೆ ಹೋಯಿತು. ನಾನು ಮಂಚದ ಕಂಬಿ ಹಿಡಿದು ಕೂತೆ. ಹದಿನಾರು ಮಂಚದ ಆ ವಾರ್ಡಿಗೆ ರಾತ್ರಿ ಇಬ್ಬರೇ ಸಿಸ್ಟರ್. ಆದರೂ ಹಾದು ಹೋಗುವಾಗೆಲ್ಲ ನನ್ನ ಹೆಗಲು ಮುಟ್ಟಿಯೇ ಹೋಗುತ್ತಿದ್ದರು. ಬೆಳಗಿನ ಜಾವ ಎರಡಕ್ಕೆ ತಕ್ಕಡಿ ಹತ್ತಿರದಿಂದ ಪಿಸುಮಾತು ಕೇಳಿಸಿತು. "ಅರವತ್ತಾತು ನೋಡ್ರಿ!" ಉಚ್ಚೆಯ ಲೆಕ್ಕಕ್ಕೆ ಇಬ್ಬರು ಹೆಂಗಸರು ಅಷ್ಟು ನಕ್ಕಿದ್ದು ಬೇರೆ ಎಲ್ಲೂ ಇರಲಿಕ್ಕಿಲ್ಲ.

ಇನ್ನೆರಡು ದಿನದಲ್ಲಿ ಮಗಳು ಇಡ್ಲಿ ಕೇಳಿದಳು. ಪ್ಲೇಟ್‌ಲೆಟ್ ತಾನಾಗೇ ಏರತೊಡಗಿತು.

ಡಿಸ್ಚಾರ್ಜ್ ದಿನ ಆ ಸಿಸ್ಟರಿಗೆ ರಜೆ. ಹೇಳಿ ಬರೋಣ ಅಂದರೆ ಆಗಲಿಲ್ಲ. ಪ್ಲಾಸ್ಟರ್ ಬಿಚ್ಚಲು ಬಂದವರು ಬೇರೆ ಹುಡುಗಿ, ಪಾಪ, ಕೈ ತುಂಬ ಕೆಲಸ.

"ನೋವಾಗುತ್ತಾ?" ಮಗಳು ಕೇಳಿದಳು.

"ಇಲ್ಲ ಕಂದಾ, ಒಂಚೂರೂ ಇಲ್ಲ."

ಮಗಳು ತಿರುಗಿ ನನ್ನ ಮುಖ ನೋಡಿದಳು.

"ಆಗುತ್ತೆ" ಅಂದೆ. "ಪ್ಲಾಸ್ಟರ್ ಕೂದಲನ್ನ ಎಳೆಯುತ್ತೆ. ಅಳು ಬಂದ್ರೆ ಅಳು."

ಎಡ ಹೆಬ್ಬೆರಳನ್ನು ಬಾಯಿಗಿಟ್ಟುಕೊಂಡು ಬಲಗೈ ಮುಂದೆ ಚಾಚಿದಳು.