ಮಗುವಿಗೆ 12 ವಾರ, ಅಪ್ಪನಿಗೆ ನಮ್ಮದೇ ಗಂಟು

ಅಮೆರಿಕದಲ್ಲಿ ಸರ್ಕಾರಿ ಕೆಲಸ ಅಂದರೆ ಊರಲ್ಲಿ ಮೊದಲು ಕೇಳುವುದು ಸಂಬಳ, ಆಮೇಲೆ ರಜೆ. ಸಂಬಳದ ಮಾತು ಬಿಡಿ. ಇಲ್ಲಿ ಫೆಡರಲ್ ಸರ್ಕಾರದ ನೌಕರನಾಗಿ ನಾನು ಮಗಳು ಹುಟ್ಟಿದಾಗಲೂ ರಜೆ ತೆಗೆದುಕೊಂಡಿದ್ದೇನೆ, ಅಪ್ಪನಿಗೆ ಬೈಪಾಸ್ ಆದಾಗಲೂ ತೆಗೆದುಕೊಂಡಿದ್ದೇನೆ. ಎರಡಕ್ಕೂ ಅಜಗಜಾಂತರ.

ಮಗು ಬಂದರೆ 12 ವಾರ, ಪೂರ್ತಿ ಸಂಬಳ. ತಾಯಿಗೂ ಅಷ್ಟೇ, ತಂದೆಗೂ ಅಷ್ಟೇ. ಹೆತ್ತರೂ ಸರಿ, ದತ್ತು ತೆಗೆದುಕೊಂಡರೂ ಸರಿ, ಗಂಡ ಹೆಂಡತಿ ಇಬ್ಬರೂ ಫೆಡರಲ್ ನೌಕರರಾದರೆ ತಲಾ 12 ವಾರ. ಕೆಲಸಕ್ಕೆ ಸೇರಿ ಒಂದು ವರ್ಷ ಆಗಿರಬೇಕು, ರಜೆ ಮುಗಿದ ಮೇಲೆ 12 ವಾರ ಕೆಲಸ ಮಾಡುತ್ತೇನೆ ಅಂತ ಮೊದಲೇ ಸಹಿ ಹಾಕಿಕೊಡಬೇಕು. ಇದೇನು ಹಳೇ ಕಾಲದ ಸವಲತ್ತಲ್ಲ. 1993ರ ಕಾನೂನು ಮಗು ಹುಟ್ಟಿದಾಗ, ಹೆತ್ತವರಿಗೆ ತೀರಾ ಹುಷಾರಿಲ್ಲದಾಗ ಅಂತ ಕೊಟ್ಟಿದ್ದು ವರ್ಷಕ್ಕೆ ಒಟ್ಟು 12 ವಾರದ ಸಂಬಳವಿಲ್ಲದ ರಜೆ, ಕೆಲಸ ಹೋಗಲ್ಲ ಅನ್ನೋ ಭರವಸೆ ಮಾತ್ರ. ಸಂಬಳ ಸೇರಿದ್ದು 2019ರ ಡಿಸೆಂಬರಿನಲ್ಲಿ, ಅದೂ ರಕ್ಷಣಾ ಇಲಾಖೆಯ ಮಸೂದೆಯೊಳಗೆ. ಇವರ ಸ್ಪೇಸ್ ಫೋರ್ಸ್ ಹುಟ್ಟಿದ್ದೂ ಅದೇ ಮಸೂದೆಯಿಂದ! ಜಾರಿಗೆ ಬಂದದ್ದು 2020ರ ಅಕ್ಟೋಬರ್ 1ರಿಂದ. ಅದಕ್ಕೆ ಮುಂಚೆ ಹೆತ್ತವರು ವರ್ಷಗಟ್ಟಲೆ ಕೂಡಿಟ್ಟ ಸಿಕ್ ಲೀವ್ ಕರಗಿಸಿಕೊಂಡು ಬಾಣಂತನ ಮುಗಿಸುತ್ತಿದ್ದರು.

ನಾನು ಒಂದಷ್ಟು ವಾರ ಹೆರಿಗೆ ಸಮಯಕ್ಕೆ ತೆಗೆದುಕೊಂಡು, ಉಳಿದದ್ದನ್ನು ಅತ್ತೆ ವಾಪಸ್ ಹೋದ ಮೇಲಕ್ಕೆ ಇಟ್ಟುಕೊಂಡೆ. ಮೇಲಧಿಕಾರಿ ಒಪ್ಪಿದರೆ ಹಾಗೆ ಒಡೆದು ತೆಗೆದುಕೊಳ್ಳಬಹುದು, ಆದರೆ ಮಗುವಿಗೆ ಒಂದು ವರ್ಷ ತುಂಬುವುದರೊಳಗೆ ಮುಗಿಸಬೇಕು. ಬಾಣಂತನಕ್ಕೆ ಬಂದಿದ್ದ ಅತ್ತೆ ನಾನು ದಿನವಿಡೀ ಮನೆಯಲ್ಲಿ ಬಟ್ಟೆ ಮಡಚುತ್ತಾ ಕೂತಿರುವುದನ್ನು ನೋಡಿ ನೋಡಿ, ಕೊನೆಗೆ ಅಡುಗೆಮನೆಯಲ್ಲಿ ಮಗಳನ್ನು ಮೆಲ್ಲಗೆ ಕೇಳಿದರಂತೆ: "ಅಳಿಯಂದಿರು ಕೆಲಸ ಏನಾದ್ರೂ ಬಿಟ್ಟುಬಿಟ್ರೇನೇ?"

ಹಾಸನದಲ್ಲಿರುವ ನನ್ನ ಅಕ್ಕ, ಭಾವ ಇಬ್ಬರೂ ಕೇಂದ್ರ ಸರ್ಕಾರಿ ನೌಕರರು. 12 ವಾರ ಅಂದಾಗ ಅಕ್ಕ ನಕ್ಕುಬಿಟ್ಟಳು. "ಅಷ್ಟೇನಾ? ನಂಗೆ 180 ದಿನ ಕಣೋ." ಅದರ ಮೇಲೆ ಮಕ್ಕಳಿಗೆ 18 ತುಂಬುವ ತನಕ ಒಟ್ಟು 730 ದಿನ ಚೈಲ್ಡ್ ಕೇರ್ ಲೀವ್ ಬೇರೆ, ಮೊದಲ 365 ದಿನ ಪೂರ್ತಿ ಸಂಬಳ, ಆಮೇಲೆ ಶೇ. 80. ಆದರೆ ಅದನ್ನು ಹಕ್ಕು ಅಂತ ಕೇಳುವಂತಿಲ್ಲ, ಮಂಜೂರು ಮಾಡುವವರು ಮನಸ್ಸು ಮಾಡಬೇಕು. ಭಾವನಿಗೆ ಸಿಕ್ಕಿದ್ದು 15 ದಿನ. ನನ್ನನ್ನು ಕೇಳಿದರೆ ತಾಯಿಯ ವಿಷಯದಲ್ಲಿ ನಮ್ಮವರದ್ದೇ ಸರಿ. ತಂದೆಯ ವಿಷಯದಲ್ಲಿ ಇವರದ್ದು. ಹದಿನೈದು ದಿನದಲ್ಲಿ ಗಂಡಸು ಮಗುವನ್ನು ನೆಟ್ಟಗೆ ಎತ್ತಿಕೊಳ್ಳುವುದನ್ನೂ ಕಲಿಯಲ್ಲ.

ಇನ್ನು ಅಪ್ಪನ ಕತೆ. ಹೆತ್ತವರಿಗೆ ಹುಷಾರಿಲ್ಲ ಅಂದರೆ ಇಲ್ಲಿ ಪ್ರತ್ಯೇಕ ಸಂಬಳದ ರಜೆ ಅಂತ ಏನೂ ಇಲ್ಲ. ಇರುವುದು ನಮ್ಮ ಸಿಕ್ ಲೀವ್ ಗಂಟು. ಎರಡು ವಾರಕ್ಕೊಮ್ಮೆ ಪೇಸ್ಲಿಪ್ ಬರುತ್ತದೆ, ಅದರ ಕೆಳಗಡೆ 4 ಗಂಟೆ ಜಮಾ ಆಗಿರುತ್ತದೆ. ಹೌದು, ರಜೆ ಇಲ್ಲಿ ಗಂಟೆ ಲೆಕ್ಕ. ವರ್ಷಕ್ಕೆ 13 ದಿನ ಆಯಿತು. ಮನೆಯವರ ಗಂಭೀರ ಕಾಯಿಲೆಗೆ ವರ್ಷದಲ್ಲಿ 12 ವಾರದವರೆಗೆ ಅದನ್ನು ಬಳಸಬಹುದು ಅಂತ ನಿಯಮವೇನೋ ಇದೆ, ಖಾತೆಯಲ್ಲಿ ಇರಬೇಕಲ್ಲ! ಮುಂಗಡವಾಗಿ 240 ಗಂಟೆವರೆಗೆ ಕೊಡಬಹುದು, ಕೊಡಲೇಬೇಕು ಅಂತಿಲ್ಲ. ನನ್ನ ಹತ್ತಿರ ಗಂಟು ಸಾಕಷ್ಟಿತ್ತು, ಹಾಗಾಗಿ ಮೈಸೂರಿಗೆ ಹೋಗಿ ಅಪ್ಪ ಮನೆಗೆ ಬಂದು ಅಂಗಳದಲ್ಲಿ ನಾಲ್ಕು ಹೆಜ್ಜೆ ಹಾಕುವ ತನಕ ಇದ್ದು ಬಂದೆ. ನನ್ನ ನಂತರ ಸೇರಿದ ಹುಡುಗಿಯೊಬ್ಬಳ ಅಮ್ಮನಿಗೆ ಕ್ಯಾನ್ಸರ್ ಅಂತ ಗೊತ್ತಾದಾಗ ಅವಳ ಖಾತೆಯಲ್ಲಿ ಹೆಚ್ಚೇನೂ ಇರಲಿಲ್ಲ. ಇದ್ದದ್ದು ಮುಗಿದ ಮೇಲೆ ಅವಳಿಗೆ ನಾವೆಲ್ಲ ನಮ್ಮ ಆನ್ಯುಯಲ್ ಲೀವ್‌ನಿಂದ ದಾನ ಮಾಡಿದೆವು. ಅದಕ್ಕೆ ಅಧಿಕೃತ ವ್ಯವಸ್ಥೆಯೇ ಇದೆ. ಒಂದು ಫಾರಂ ತುಂಬಿ ಇಷ್ಟು ಗಂಟೆ ಅಂತ ಬರೆದುಕೊಟ್ಟರೆ ಆಯಿತು. ಮುಖ ನೋಡದವರೂ ನಾಲ್ಕು, ಎಂಟು ಗಂಟೆ ಕೊಟ್ಟರು. ಒಳ್ಳೆಯ ವ್ಯವಸ್ಥೆ, ಒಪ್ಪುತ್ತೇನೆ. ಆದರೆ ಇಷ್ಟು ದೊಡ್ಡ ಸರ್ಕಾರ ತಾನು ಕೊಡಬೇಕಾದ್ದನ್ನು ನೌಕರರ ನಡುವೆ ಪಟ್ಟಿ ಎತ್ತಿಸುತ್ತದೆ ಅಂದರೆ ಸ್ವಲ್ಪ ವಿಚಿತ್ರ ಅಲ್ವಾ? ಹೆತ್ತವರ ಆರೈಕೆಗೂ ಸಂಬಳ ಕೊಡಿ ಅನ್ನುವ ಮಸೂದೆ ಕಾಂಗ್ರೆಸ್ಸಿನಲ್ಲಿ ಮಂಡನೆಯಾಗಿದ್ದಿದೆ, ಪಾಸಾಗಿಲ್ಲ.

ಇಲ್ಲಿ ಫೆಡರಲ್ ಕೆಲಸಕ್ಕೆ ಸೇರುವ ನಮ್ಮ ಹುಡುಗರಿಗೆ ಒಂದು ಮಾತು. ಮಗುವಿನ ಸಂಬಳದ ರಜೆ ನಿಂತಿರುವುದು 1993ರ ಆ 12 ವಾರದ ಮೇಲೇ. ವರ್ಷದ ಶುರುವಿನಲ್ಲಿ ಅಪ್ಪನಿಗೆ ಅಂತ ಆ ಕಾನೂನಿನಡಿ 5 ವಾರ ತೆಗೆದುಕೊಂಡು, ಅದೇ 12 ತಿಂಗಳಲ್ಲಿ ಮಗು ಹುಟ್ಟಿದರೆ ಆ ಅವಧಿಗೆ ಕೈಗೆ ಸಿಗುವುದು 7 ವಾರ. ಸಿಕ್ ಲೀವ್ ಇದ್ದರೆ ಸುಮ್ನೆ ಅದನ್ನೇ ಹಾಕಿ. ಕಾನೂನನ್ನು ಬಳಸುತ್ತೇನೆ ಅಂತ ನೀವಾಗಿ ಹೇಳದ ಹೊರತು ಅವರು ಅದರಲ್ಲಿ ಕಳೆಯುವಂತಿಲ್ಲ. ಮಾವನ ಕಾಯಿಲೆಗೆ ಸಿಕ್ ಲೀವ್ ನಡೆಯುತ್ತದೆ, ಆ ಕಾನೂನು ನಡೆಯಲ್ಲ, ಅದೂ ಗೊತ್ತಿರಲಿ. ರಜೆ ಅರ್ಜಿಯಲ್ಲಿ ಆ ಕಾನೂನನ್ನು ಬಳಸುತ್ತೇನೆ ಅಂತ ಹೇಳುವುದಕ್ಕೆಂದೇ ಒಂದು ಚಿಕ್ಕ ಚೌಕ ಇರುತ್ತದೆ. ಮನೆಯಲ್ಲಿ ಮಗುವಿನ ಸುದ್ದಿ ಇದ್ದರೆ ಅದಕ್ಕೆ ಟಿಕ್ ಹಾಕುವ ಮುಂಚೆ ಹೆಂಡತಿಯ ಜೊತೆ ಕೂತು ಲೆಕ್ಕ ಹಾಕಿ.